ಮೂರನೇ ನಂಬರು

ನಮ್ಮ ಅಪ್ಪಯ್ಯ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ಊರವರ ಬಾಯಲ್ಲಿ ಮಾತ್ರ ಅವರು ಡ್ರಿಲ್ ಮೇಷ್ಟ್ರು. ಮದರಾಸಿಗೆ ಹೋಗಿ ಆಟ ಕಲಿತು ಬರುವಾಗ ಒಂದು ಹಿತ್ತಾಳೆಯ ವಿಸಿಲ್ಲನ್ನೂ, ಶೂಸಿನ ಹಾಗೆ ಲೇಸು ಬಿಗಿಯುವ ಚರ್ಮದ ಚೆಂಡನ್ನೂ ತಂದಿದ್ದರು. ಬಾಳೂರಿನ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನನ್ನ ಸೋದರಮಾವ ಮೊದಲ ಸಲ ಆಟ ನೋಡಿ, "ಭಾವ, ಬುಟ್ಟಿಗೆ ತಳವೇ ಇಲ್ಲ. ಹಾಕಿದ್ದೆಲ್ಲ ಕೆಳಗೆ ಬೀಳ್ತದೆ. ಇದೆಂಥ ಆಟ ಮಾರಾಯ್ರೆ?" ಎಂದಿದ್ದ. ಅಪ್ಪಯ್ಯ ಮೂರು ದಿನ ಅವನ ಹತ್ತಿರ ಮಾತಾಡಲಿಲ್ಲ. ಆಟದ ವಿಷಯದಲ್ಲಿ ಅವರಿಗೆ ನಗು ಬರುತ್ತಿರಲಿಲ್ಲ.

ಜೂನ್ ಹಿಡಿದರೆ ನಮ್ಮ ಕಡೆ ಬೆಳಗಿನ ಹೊತ್ತು ಮಂಜು ಮೈದಾನಕ್ಕೆ ಇಳಿದು ಕೂರುತ್ತಿತ್ತು. ಕೈಯಲ್ಲಿದ್ದ ಚೆಂಡು ಕಾಣುತ್ತಿತ್ತು, ಅದನ್ನು ಯಾರಿಗೆ ಎಸೆಯಬೇಕೆಂಬುದು ಕಾಣುತ್ತಿರಲಿಲ್ಲ. ಬೇರೆಯವರಾಗಿದ್ದರೆ ಆಟ ನಿಲ್ಲಿಸುತ್ತಿದ್ದರು. ಅಪ್ಪಯ್ಯ ನಿಲ್ಲಿಸದೆ, ಹುಡುಗರಿಗೆ ಒಂದೊಂದು ನಂಬರು ಕೊಟ್ಟರು. ವಿಸಿಲ್ ಕೇಳಿದ ಕೂಡಲೇ ಒಂದು, ಎರಡು, ಮೂರು ಎಂದು ಎಂಟರವರೆಗೆ ಸಾಲಾಗಿ ಕೂಗಬೇಕು. ಧ್ವನಿ ಬಂದ ಕಡೆಗೆ ಚೆಂಡು ಎಸೆಯಬೇಕು. ಕಣ್ಣು ಮುಚ್ಚಿದರೂ ನಮ್ಮವರು ಎಲ್ಲಿದ್ದಾರೆಂದು ಗೊತ್ತಿರಬೇಕು ಎನ್ನುವುದು ಅವರ ಹಟ.

ಆ ಹಟವನ್ನು ಮನೆಗೂ ತಂದರು. ಅಪ್ಪಯ್ಯ ಒಂದು, ಅಮ್ಮ ಎರಡು, ಅಣ್ಣ ಮೂರು, ನಾನು ನಾಲ್ಕು. ಊಟಕ್ಕೆ ಕೂತರೆ, ಬಸ್ಸು ಹತ್ತಿದರೆ, ಮಂಜಿನಲ್ಲಿ ಮಾವನ ಮನೆಯ ಗುಡ್ಡ ಏರಿದರೆ, ಎಲ್ಲ ಕಡೆಯೂ ಎಣಿಕೆ. ನೆಂಟರೆದುರು ಹಾಗೆ ಕೂಗಲು ನನಗೆ ನಾಚಿಕೆಯಾಗುತ್ತಿತ್ತು. ಅಣ್ಣನಿಗೆ ಹೆಮ್ಮೆ. ಅವನು ಕಾಲೇಜಿಗೆ ಸೇರಿ ಅಪ್ಪಯ್ಯನ ತಂಡಕ್ಕೂ ಸೇರಿದ್ದ. ಮನೆಯಲ್ಲೂ ಮೂರು, ಮೈದಾನದಲ್ಲೂ ಮೂರು. ಅವನದು ನನ್ನ ಹಾಗೆಯೇ ಹುಡುಗಿಯರ ತೆಳು ಗಂಟಲು. ಹಿತ್ತಲಿನಿಂದ ನಾವಿಬ್ಬರಲ್ಲಿ ಯಾರು ಕೂಗಿದರೂ ಅಮ್ಮನಿಗೆ ಗುರುತು ಸಿಗುತ್ತಿರಲಿಲ್ಲ.

ಆ ವರ್ಷ ರಜೆಗೆ ಬಾಳೂರಿಗೆ ಹೋಗಿ ಬಂದವನಿಗೆ ಚಳಿಜ್ವರ ಹಿಡಿಯಿತು. ಹಲ್ಲು ಕಟಕಟ ಎನ್ನುವಷ್ಟು ನಡುಗಿದ, ಆಮೇಲೆ ಹಾಸಿಗೆ ತೊಯ್ಯುವಷ್ಟು ಬೆವರಿದ, ಆಮೇಲೆ ಎದ್ದು ಕೂತು ಗಂಜಿ ಕೇಳಿದ. ಯುದ್ಧದ ಕಾಲ, ಅದಕ್ಕೆ ಮದ್ದಾದ ಕ್ವಿನೈನ್ ಸಿಗುವುದೇ ಕಷ್ಟ. ಅಮ್ಮ ಯಾರ ಕಾಲನ್ನಾದರೂ ಹಿಡಿದು ತನ್ನಿ ಎಂದಳು. ಮಾರನೇ ದಿನ ಹೊರಗಿನ ಊರಿನ ತಂಡದ ಮೇಲೆ ಪಂದ್ಯವಿತ್ತು.

"ಬೆವರು ಬಿಟ್ಟಿತಲ್ಲ, ಜ್ವರ ಹೋಯ್ತು ಅಂತಲೇ," ಎಂದರು ಅಪ್ಪಯ್ಯ. "ಇನ್ನೊಂದಿಷ್ಟು ಓಡಿದ್ರೆ ಉಳಿದದ್ದೂ ಹೋಗ್ತದೆ."

ಆಟದ ಮೇಷ್ಟ್ರ ಬುದ್ಧಿ ಅದು. ಮೈಗೆ ಏನೇ ಆದರೂ ಬೆವರೇ ಮದ್ದು ಎಂದು ನಂಬಿದವರು. ಅಣ್ಣ ಓಡಿದ, ಗೆದ್ದು ಬಂದ, ಮೂರನೇ ದಿನ ಮತ್ತೆ ನಡುಗಿದ. ಜ್ವರ ತಲೆಗೇರಿ ನಾಲ್ಕನೇ ದಿನ ಹೋದ. ಕೊನೆಯ ಬೆಳಗ್ಗೆ ಅವನಿಗೆ ನಮ್ಮ ಗುರುತು ಇರಲಿಲ್ಲ, ತನ್ನ ನಂಬರು ಮಾತ್ರ ಹೇಳುತ್ತಿದ್ದ.

ಅಪ್ಪಯ್ಯ ಅಳಲಿಲ್ಲ. ಕರ್ಮ ಮುಗಿದ ಮರುದಿನವೇ ವಿಸಿಲ್ ಕೊರಳಿಗೆ ಹಾಕಿಕೊಂಡು ಹೊರಟರು. ಮೂರನೇ ನಂಬರನ್ನು ಯಾರಿಗೂ ಕೊಡಲಿಲ್ಲ. ಹುಡುಗರು ಒಂದು, ಎರಡು ಎಂದು ಕೂಗಿ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ನಾಲ್ಕರಿಂದ ಮುಂದುವರಿಸಬೇಕಿತ್ತು. ಮನೆಯಲ್ಲೂ ಹಾಗೆಯೇ. ಊಟದೆದುರು ಆ ಒಂದು ಉಸಿರಿನಲ್ಲಿ ಅಮ್ಮನ ತುತ್ತು ಕೈಯಲ್ಲೇ ಆರಿಹೋಗುತ್ತಿತ್ತು.

"ಈ ಎಣಿಕೆ ಬಿಟ್ಟುಬಿಡಿ," ಎಂದು ಒಂದು ದಿನ ಬೇಡಿಕೊಂಡಳು.

"ಆಟಗಾರ ಹೊರಗೆ ಕೂತರೂ ನಂಬರು ಅವನದೇ," ಎಂದರು ಅಪ್ಪಯ್ಯ.

ನನಗೆ ಆಗ ಹನ್ನೆರಡು ವರ್ಷ. ಮೂಗಿನ ತುದಿಯಲ್ಲೇ ಸಿಟ್ಟು. ಅಣ್ಣನನ್ನು ಓಡಿಸಿ ಕೊಂದವರು ಇವರು, ಈಗ ಅವನಿಗೆ ಜಾಗ ಇಟ್ಟು ಕಾಯುವವರೂ ಇವರೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಒಂದು ಬೆಳಗ್ಗೆ ಶಾಲೆಗೆಂದು ಹೊರಟವಳು ಮೈದಾನದ ಅಂಚಿನ ಸಿಲ್ವರ್ ಓಕ್ ಮರದ ಹಿಂದೆ ನಿಂತೆ. ಮಂಜು ದಟ್ಟವಾಗಿತ್ತು. ವಿಸಿಲ್ ಆಯಿತು. ಒಂದು. ಎರಡು. ಆ ಖಾಲಿ ಜಾಗದಲ್ಲಿ ನಾನು ಅಣ್ಣನ ಹಾಗೆ "ಮೂರು" ಎಂದು ಕೂಗಿಬಿಟ್ಟೆ. ಅಪ್ಪಯ್ಯ ಹೆದರಲಿ ಅಂತಲೇ ಕೂಗಿದ್ದು.

ನಾಲ್ಕನೆಯವನ ಬಾಯಿ ಕಟ್ಟಿಹೋಯಿತು. ಚೆಂಡು ಎಲ್ಲೋ ಬಿದ್ದು ಉರುಳಿತು. ನಾನು ಓಡಿದೆ.

ಅಪ್ಪಯ್ಯ ಹೆದರಿದ್ದರೆ ಚೆನ್ನಾಗಿತ್ತು. ಅವರು ಮಧ್ಯಾಹ್ನ ಮನೆಗೆ ಬಂದಾಗ ಮುಖದಲ್ಲಿ ಕಳೆ ಇತ್ತು. ಎರಡು ಸಲ ಅನ್ನ ಹಾಕಿಸಿಕೊಂಡರು. ಅಣ್ಣನೇ ಬಂದು ಕೂಗಿದನೆಂದು ನಂಬಿದ್ದಾರೆ ಅಂದುಕೊಂಡೆ.

ಹುಡುಗರು ಹೆದರಿ ಮರುದಿನದಿಂದ ಮಂಜಿದ್ದರೆ ಮೈದಾನಕ್ಕೆ ಬರುವುದನ್ನು ಬಿಟ್ಟರು. ಅಪ್ಪಯ್ಯ ಒಬ್ಬರೇ ಹೋಗತೊಡಗಿದರು. ಭಾನುವಾರವೂ ಹೋದರು, ಮಳೆ ಹೊಡೆಯುವಾಗಲೂ ಹೋದರು. ತೊಯ್ದು ಬಂದವರಿಗೆ ಕೆಮ್ಮು ಹಿಡಿಯಿತು, ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು. ಅಮ್ಮ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡು, "ಒಬ್ಬನನ್ನ ಕಳ್ಕೊಂಡಾಯ್ತು. ಹೀಗೇ ಆದ್ರೆ ಇವ್ರೂ ಉಳಿಯೋದಿಲ್ಲ ಮಗಾ," ಎಂದಳು. ಕೂಗಿದ್ದು ನಾನು ಎಂದು ಅಪ್ಪಯ್ಯನಿಗೇ ಹೇಳಿಬಿಡಬೇಕು, ಹೊಡೆದರೆ ಹೊಡೆಯಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಮರುದಿನ ಅವರ ಹಿಂದೆಯೇ ಹೋದೆ. ಗಿರಿಯ ಕಡೆಯಿಂದ ಇಳಿದ ಮಂಜು ಅಷ್ಟು ದಟ್ಟವಾಗಿದ್ದದ್ದನ್ನು ನಾನು ಮತ್ತೆ ನೋಡಿಲ್ಲ. ಹತ್ತು ಹೆಜ್ಜೆ ಮುಂದಿದ್ದ ಅಪ್ಪಯ್ಯನ ಬೆನ್ನು ಮಾತ್ರ ಕಾಣುತ್ತಿತ್ತು. ಬುಟ್ಟಿಯ ಕಂಬ ಕಾಣುತ್ತಿರಲಿಲ್ಲ. ಹಕ್ಕಿಯ ಸದ್ದೂ ಇರಲಿಲ್ಲ. ಅಪ್ಪಯ್ಯ ವಿಸಿಲ್ ಊದಿದರು. "ಒಂದು," ಎಂದರು. "ಎರಡು," ಎಂದು ತಾವೇ ಅಂದರು. ಅಪ್ಪಯ್ಯಾ ಎಂದು ಕರೆಯಲು ನಾನು ಬಾಯಿ ತೆರೆದೆ.

"ಮೂರು."

ಬಂದದ್ದು ಕಂಬದ ಕಡೆಯಿಂದ. ನನ್ನ ಬಾಯಿ ತೆರೆದೇ ಇತ್ತು, ಅದರಿಂದ ಸದ್ದು ಹೊರಟಿರಲಿಲ್ಲ. ಅಪ್ಪಯ್ಯ ಎದೆಯ ಹತ್ತಿರದಿಂದ ಚೆಂಡನ್ನು ಧ್ವನಿಯ ಕಡೆಗೆ ಎಸೆದರು. ಒದ್ದೆಯಾದ ಚರ್ಮದ ಚೆಂಡು ನೆಲಕ್ಕೆ ಬಿದ್ದರೆ ಧಪ್ಪನೆ ಸದ್ದಾಗುತ್ತದೆ, ಹುಟ್ಟಿದಾಗಿನಿಂದ ಕೇಳಿದ ಸದ್ದು. ನಾನು ಅದಕ್ಕಾಗಿ ಕಾದೆ. ಚೆಂಡು ಬೀಳಲಿಲ್ಲ.

ಮನೆಗೆ ಹೇಗೆ ಬಂದೆನೋ ತಿಳಿಯದು. ಅಪ್ಪಯ್ಯ ಬಹಳ ಹೊತ್ತಿನ ಮೇಲೆ ಬಂದರು. ಚೆಂಡು ಕಂಕುಳಲ್ಲಿತ್ತು. ಅದನ್ನು ಮೂಲೆಗಿಟ್ಟು ನನ್ನೆದುರು ಕುಕ್ಕರುಗಾಲಲ್ಲಿ ಕೂತರು.

"ಆವತ್ತು ಕೂಗಿದ್ದು ನೀನು. ಅದು ಗೊತ್ತು ನಂಗೆ," ಎಂದರು. "ನನ್ನ ಆಟಗಾರರ ಧ್ವನಿ ನಂಗೆ ಗೊತ್ತಾಗೋದಿಲ್ವಾ? ನೀನಾದ್ರೂ ಅವನ ಹಾಗೆ ಕೂಗಿದಿಯಲ್ಲ ಅಂತ ಸಂತೋಷ ಆಯ್ತು. ಇನ್ನೊಂದು ಸಲ ಕೇಳ್ತದೇನೋ ಅಂತ ದಿನಾ ಹೋದೆ. ಆದ್ರೆ ಇವತ್ತು ನೀನು ನನ್ನ ಹಿಂದೆ ಇದ್ದಿ. ಕೂಗಿದ್ದು ಮುಂದಿನಿಂದ."

ನಾನು ಅವರ ಮುಖ ನೋಡಲಿಲ್ಲ.

"ನಿಂಗೂ ಕೇಳ್ತಾ?"

ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು. ಏನಾಯಿತೆಂದು ಅವಳಿಗೆ ಗೊತ್ತಿರಲಿಲ್ಲ, ಆದರೂ ನನ್ನನ್ನೇ ನೋಡುತ್ತಿದ್ದಳು. ಹೌದು ಎಂದರೆ ಅಪ್ಪಯ್ಯ ನಾಳೆಯೂ ಹೋಗುತ್ತಾರೆ, ಮಳೆಗಾಲ ಮುಗಿಯುವುದರೊಳಗೆ ಅವರೂ ಇರುವುದಿಲ್ಲ.

"ಇಲ್ಲ ಅಪ್ಪಯ್ಯ," ಎಂದೆ. "ಎಂಥದೂ ಕೇಳಲಿಲ್ಲ."

ಅವರು ತಲೆಯಾಡಿಸಿದರು. ಎದ್ದು ವಿಸಿಲ್ಲನ್ನು ಮೊಳೆಗೆ ಸಿಕ್ಕಿಸಿದರು. ನನಗೆ ಬೆನ್ನು ಹಾಕಿ ನಿಂತು ಅತ್ತದ್ದು ಭುಜ ನೋಡಿದಾಗ ತಿಳಿಯಿತು. ಆಮೇಲೆ ಮಂಜಿನಲ್ಲಿ ಅವರು ಒಬ್ಬರೇ ಹೋಗಲಿಲ್ಲ. ಕೆಮ್ಮು ಹೋಯಿತು, ಹುಡುಗರು ತಿರುಗಿ ಬಂದರು, ಅಪ್ಪಯ್ಯ ನಮಗೆ ಉಳಿದರು. ನಾನು ಸುಳ್ಳು ಹೇಳಿದ ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ, "ಇನ್ನು ಮೇಲೆ ನೀನೇ ಮೂರು," ಎಂದರು.

ಒಂದು ಎಂದರು ಅಪ್ಪಯ್ಯ. ಎರಡು ಎಂದಳು ಅಮ್ಮ. ನನ್ನ ಸರದಿ ಬಂದಾಗ ನಾನು ಬೇಕೆಂದೇ ಒಂದು ಉಸಿರು ತಡೆದು, ಹಿತ್ತಲ ಕಡೆಗೆ ಕಿವಿಗೊಟ್ಟು, ಬೇರೆ ಯಾರೂ ಹೇಳುವುದಿಲ್ಲವೆಂದು ಖಚಿತವಾದ ಮೇಲೆ ಮೂರು ಎಂದೆ. ಆ ಮನೆಯಲ್ಲಿದ್ದಷ್ಟು ವರ್ಷವೂ ಹಾಗೆಯೇ ಹೇಳಿದೆ.