ಮಾಳಿಗೆಯ ಮೇಲೆ ಎಂಥ ತಂತಿ

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ತವರೂರು ಮಟಕಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದ್ದ ನಾನು ಮದುವೆಯಾಗಿ ಆಳಂದಕ್ಕೆ ಬಂದು ಎರಡು ವರ್ಷವಾಗಿತ್ತು. ನನ್ನ ಮಾವ, ಅಂದರೆ ನಿಮ್ಮ ಮುತ್ತಜ್ಜ, ಊರ ಹೊರಗೆ ತೊಗರಿಬೇಳೆಯ ಗಿರಣಿ ನಡೆಸುತ್ತಿದ್ದರು. ಅದರ ಎಂಜಿನ್ನಿಗೆ ಡೈನಮೋ ಕೂಡಿಸಿ ಮನೆಗೂ ದೀಪ ತರಬೇಕೆಂದು ಸೊಲ್ಲಾಪುರದ ಮಿಸ್ತ್ರಿಯನ್ನು ಕರೆಸಿದರು. ತಂತಿ ಅರ್ಧ ದೂರ ಹೊಲದ ಮೇಲೆ, ಉಳಿದರ್ಧ ನಮ್ಮ ಓಣಿಯಲ್ಲಿ ಒಂದಕ್ಕೊಂದು ಹತ್ತಿಕೊಂಡ ಮನೆಗಳ ಮಟ್ಟಸ ಮಾಳಿಗೆಗಳ ಮೇಲೆ ಬರಬೇಕಿತ್ತು.

ಮಿಸ್ತ್ರಿ ಪಡಸಾಲೆಯಲ್ಲಿ ಎರಡು ತುಂಡು ತಂತಿ ಇಟ್ಟ. ಒಂದು ಬರೀ ತಾಮ್ರ, ಇನ್ನೊಂದಕ್ಕೆ ರಬ್ಬರಿನ ಹೊದಿಕೆ.

“ರಬ್ಬರಿಂದು ಬ್ಯಾಡ, ದುಪ್ಪಟ್ಟು ರೊಕ್ಕ,” ಎಂದರು ಮಾವ. “ಬರೀ ತಂತೀನೇ ಹಾಕು. ಓಣ್ಯಾಗ ನಡಿಯೋರಿಗೆ ತಾಗೂದಿಲ್ಲಲ್ಲ?”

“ಹ್ಯಾಂಗ ತಾಗ್ತದ್ರಿ? ಮಾಳಿಗಿಗಿಂತ ಆಳೆತ್ತರ ಮ್ಯಾಲ ಇರ್ತದ.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನಗೆ ಈ ಮಾತು ಕೇಳಿಸಿತು. ಗಂಡಸರು ಓಣಿಯಿಂದ ಅಳೆದಿದ್ದರು. ಹೆಣ್ಣುಮಕ್ಕಳ ದಾರಿ ಇದ್ದದ್ದು ಮಾಳಿಗೆಯ ಮೇಲೆ. ಓಣಿಯಲ್ಲಿ ಹಿರಿಯರೆದುರು ಹಾಯಬಾರದೆಂದು ಸೊಸೆಯಂದಿರೆಲ್ಲ ಹಪ್ಪಳ ತುಂಬಿದ ಪರಾತ, ಅಂದರೆ ಹಿತ್ತಾಳೆಯ ಅಗಲ ತಟ್ಟೆ, ತಲೆಯ ಮೇಲಿಟ್ಟುಕೊಂಡು ಮಾಳಿಗೆಯಿಂದ ಮಾಳಿಗೆಗೆ ದಾಟುತ್ತಿದ್ದೆವು.

ಮಾವನೆದುರು ಸೊಸೆ ಮಾತಾಡುವ ರೂಢಿಯಿರಲಿಲ್ಲ. ಬಾಗಿಲ ಹಿಂದೆ ನಿಂತು, ಹೊರಗೆ ಕೇಳುವಂತೆ ಅತ್ತೆಗೆ ಹೇಳಿದೆ: “ಅತ್ತಿಯವರ, ನಮ್ಮ ಪರಾತ ತಂತಿಗೆ ತಾಗ್ತದ್ರಿ. ಬರೀದು ಹಾಕಿದ್ರ ಮಾಳಿಗಿ ಕಡೆ ಎತ್ತರದ ಸಾಗವಾನಿ ಕಂಬ ಬೇಕು. ಅದರ ರೊಕ್ಕ ಕೂಡಿಸ್ಯಾರೇನು ಕೇಳ್ರಿ. ಹೊಲದ ಮ್ಯಾಲ ಬರೀದು, ಮಾಳಿಗಿ ಮ್ಯಾಲ ಅಷ್ಟೇ ರಬ್ಬರಿಂದು ಹಾಕಿದ್ರ ತಾಗಿದ್ರೂ ಏನೂ ಆಗೂದಿಲ್ಲ, ಗಿಡ್ಡ ಕಂಬ ಸಾಕು.”

“ಸೊಸಿ ರೊಟ್ಟಿ ಬಡೀಲಾಕತ್ತಾಳೋ, ಲೆಕ್ಕ ಮಾಡ್ಲಾಕತ್ತಾಳೋ?” ಎಂದರು ಮಾವ.

“ಎರಡೂ ಮಾಡ್ಲಾಕತ್ತಾಳ. ನೀವು ಮಾಳಿಗಿ ಹತ್ತಿ ಎಷ್ಟ ವರ್ಷಾತು?” ಎಂದರು ಅತ್ತೆ.

ಮಾವ ಪರಾತ ಕೇಳಿ ಇಸಿದುಕೊಂಡು ಮಿಸ್ತ್ರಿಯೊಡನೆ ಏಣಿ ಹತ್ತಿದರು. ತಂತಿ ಬರುವ ಎತ್ತರಕ್ಕೆ ಮಿಸ್ತ್ರಿ ಕೋಲು ಹಿಡಿದ. ಮಾವ ಪರಾತ ಹೊತ್ತು ನಡೆದರು. ಠಣ್ ಎಂದದ್ದು ಕೆಳಗಿದ್ದ ನಮಗೂ ಕೇಳಿತು.

ಇಳಿದು ಬಂದು ಮಿಸ್ತ್ರಿ ಬರೆದಿದ್ದ ಸಾಮಾನಿನ ಚೀಟಿ ಹರಿದುಹಾಕಿ ಹೊಸದು ಬರೆಸಿದರು: ಹೊಲಕ್ಕೆ ಬರೀ ತಂತಿ, ಮಾಳಿಗೆಗೆ ರಬ್ಬರಿನದು. ಎತ್ತರದ ಕಂಬ ಸೇರಿಸಿದರೆ ಬರೀ ತಂತಿಯೇ ದುಬಾರಿ ಬೀಳುತ್ತಿತ್ತು.

ನಮ್ಮ ಬಿಸಿಲಿಗೆ ರಬ್ಬರು ಬಿರಿದು, ಕೆಲವು ವರ್ಷಗಳಲ್ಲೇ ಬದಲಿಸಬೇಕಾಯಿತು. ಅದನ್ನು ನಾನು ಎಣಿಸಿರಲಿಲ್ಲ. ಆದರೆ ಆ ಮಾಳಿಗೆಗಳ ಮೇಲೆ ಒಬ್ಬ ಹೆಣ್ಣುಮಗಳಿಗೂ ಏನೂ ಆಗಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೂ ನಿಮಗೆ ತಿಳಿದಿರಲಿ: ಹೊಸ ಚೀಟಿಯನ್ನು ಸೊಲ್ಲಾಪುರಕ್ಕೆ ಕಳಿಸುವ ಮುಂಚೆ ಮಾವ, “ಆಕಿ ಒಮ್ಮಿ ನೋಡ್ಲಿ,” ಎಂದು ಅಡುಗೆಮನೆಗೆ ಕಳಿಸಿದ್ದರು.