ಅಗರಕ್ಕೆ ಹೋಗಿಬಂದ ಜಡೆಗಿಡ

ಅತ್ತಿಗೆ ಮದುವೆಯಾಗಿ ರಾಮಾಪುರದಿಂದ ಕೊಳ್ಳೇಗಾಲದ ನಮ್ಮ ಮನೆಗೆ ಬಂದಾಗ ಅವಳ ಸಾಮಾನಿನ ಜೊತೆ ಒಂದು ಹಳೆಯ ಎಣ್ಣೆ ಡಬ್ಬವೂ ಬಂತು. ಅದರೊಳಗೊಂದು ಗಿಡ. ಅದಕ್ಕೆ ಎಲೆಯೇ ಇಲ್ಲ. ಚಪ್ಪಟೆಯಾದ ಹಸಿರು ತುಂಡುಗಳು ಒಂದರ ತುದಿಗೊಂದು ಅಂಟಿಕೊಂಡು ಡಬ್ಬದ ಸುತ್ತ ಇಳಿಬಿದ್ದಿದ್ದವು. ಅವಳ ತವರಿನಲ್ಲಿ ಅದನ್ನು ಜಡೆಗಿಡ ಎನ್ನುತ್ತಿದ್ದರಂತೆ. ಅದು ಮುಳ್ಳಿಲ್ಲದ ಕಳ್ಳಿ ಎಂದು ಫೋನಿನಲ್ಲಿ ಹುಡುಕಿ ಕಂಡುಕೊಂಡವಳು ನಾನು. ಅದನ್ನು ಅವ್ವನಿಗೆ ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು.

“ಕಳ್ಳೀನಾ? ಮನೆ ಬಾಗ್ಲಲ್ಲಾ?”

“ಮುಳ್ಳಿಲ್ಲ ಕಣವ್ವ. ಸವರಿ ನೋಡು.”

ಅವ್ವ ಎರಡು ಬೆರಳಿನಿಂದ ಸವರಿದಳು. “ಮುಳ್ಳೇ ಇಲ್ದಿದ್ಮೇಲೆ ಇದೆಂಥ ಕಳ್ಳಿ? ಇರ್ಲಿ ಬುಡು,” ಎಂದಳು.

ನಾನು ಬಿ.ಕಾಂ. ಮುಗಿಸಿ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯಲ್ಲೂ ದಿನಾಂಕ ಹಾಕಿ ಬರೆದಿಡುವ ಅಭ್ಯಾಸ: ಗ್ಯಾಸ್ ಬಂದ ದಿನ, ನಲ್ಲಿ ನೀರು ಬಿಟ್ಟ ದಿನ, ದಾಸವಾಳದಲ್ಲಿ ಎಷ್ಟು ಹೂವು. ಜಡೆಗಿಡವೂ ಆ ಪಟ್ಟಿಗೆ ಸೇರಿತು. ಮೊದಲ ಚಳಿಗಾಲದಲ್ಲಿ ಅದು ಪ್ರತಿ ತುದಿಯಲ್ಲೂ ಗುಲಾಬಿ ಬಣ್ಣದ ಹೂ ಬಿಟ್ಟಿತು. ಅವ್ವ ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದಳು. ಕಳ್ಳಿ ಎಂದು ಮಾತ್ರ ಹೇಳಲಿಲ್ಲ.

ಅದರ ಮುಂದಿನ ವರ್ಷ ಅತ್ತಿಗೆಯ ಬಸಿರು ಮೂರು ತಿಂಗಳಿಗೇ ಹೋಯಿತು. ಆ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಮರುವರ್ಷ ಮತ್ತೆ ಬಸಿರು ನಿಂತಾಗ ಅವ್ವ ಒಂದೊಂದೇ ಕಟ್ಟುಪಾಡು ಹೇರತೊಡಗಿದಳು. ಸಂಜೆ ಹೊತ್ತು ಹೊಸ್ತಿಲ ಮೇಲೆ ಕೂರುವಂತಿಲ್ಲ. ಇಡೀ ಕುಂಬಳಕಾಯಿ ಒಡೆಯುವಂತಿಲ್ಲ. ಮನೆಯಲ್ಲಿ ಯಾವ ಗಿಡಕ್ಕೂ ಕತ್ತಿ ಮುಟ್ಟಿಸುವಂತಿಲ್ಲ. ಮಹಡಿ ಮೆಟ್ಟಿಲಿಗೆ ಅಡ್ಡ ಬಂದ ನುಗ್ಗೆಯ ಕೊಂಬೆಯ ಕೆಳಗೆ ಅಪ್ಪ ಬೆನ್ನು ಬಗ್ಗಿಸಿಯೇ ಹತ್ತಿ ಇಳಿಯುತ್ತಿದ್ದ.

ಜೂನ್‌ನಲ್ಲಿ ಒಂದು ಭಾನುವಾರ ನಾನು ಎಣ್ಣೆ ಡಬ್ಬವನ್ನು ಎತ್ತಿದೆ. ತುಕ್ಕು ಹಿಡಿದಿದ್ದ ತಳ ಕಳಚಿ ಬಿತ್ತು. ಒಳಗಿದ್ದ ಇದ್ದಿಲು, ಹೆಂಚಿನ ಚೂರು, ಒಣ ತರಗು ಎಲ್ಲ ಜಗಲಿಯ ಮೇಲೆ ಸುರಿಯಿತು.

“ಅಯ್ಯೋ ಪಾಪ, ಇಷ್ಟು ದಿವ್ಸ ಕಸದಲ್ಲಿ ಬದುಕಿತ್ತಲ್ಲ ಇದು,” ಎಂದಳು ಅವ್ವ. ಅಗರದಲ್ಲಿರುವ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಒಂದು ಚೀಲ ಕೆರೆಗೋಡು ಕಳಿಸಿದ್ದಳು. ಕರಿ ಬೆಣ್ಣೆಯಂಥ ಮಣ್ಣು. ಅದಕ್ಕೆ ರೇಷ್ಮೆಹುಳದ ಹಿಕ್ಕೆಯ ಗೊಬ್ಬರ ಬೆರೆಸಿ, ಮನೆಯಲ್ಲಿದ್ದ ಅತಿ ದೊಡ್ಡ ಕುಂಡ ತುಂಬಿ ಗಿಡ ನೆಟ್ಟೆವು. “ಅದ್ರಲ್ಲೇ ಚೆಂದಾಗಿತ್ತಲ್ಲ,” ಎಂದು ಅತ್ತಿಗೆ ಮೆಲ್ಲಗೆ ಅಂದಳು. ಕಸ ಗುಡಿಸುವ ಸದ್ದಿನಲ್ಲಿ ಆ ಮಾತು ಯಾರಿಗೂ ನಾಟಲಿಲ್ಲ. ಅಂದಿನಿಂದ ಅವ್ವ ತುಳಸಿಗೆ ಒಂದು ಚೊಂಬು, ಇದಕ್ಕೆ ಒಂದು ಚೊಂಬು ಎಂದು ದಿನವೂ ನೀರು ಹಾಕಿದಳು.

ಮೂರು ವಾರ ಗಿಡ ಮಿರಿಮಿರಿ ಮಿಂಚಿತು. ಆಮೇಲೆ ಮಳೆ ಹಿಡಿಯಿತು. ತುಂಡುಗಳು ಬಾಡಿ ಕೆಂಪಗಾದವು. ಬುಡ ಬೆಂದ ಗೆಣಸಿನ ಹಾಗೆ ಮೆತ್ತಗಾಯಿತು. ಪ್ರತಿ ಬೆಳಿಗ್ಗೆ ಕುಂಡದ ಕೆಳಗೆ ಒಂದಷ್ಟು ತುಂಡು ಉದುರಿರುತ್ತಿದ್ದವು. ನಾನು ಎಂದಿನಂತೆ ಎಣಿಸಿ ಬರೆದೆ. ಮೊದಲು ನಾಲ್ಕು. ಇನ್ನೊಂದು ದಿನ ಏಳು.

ನನ್ನ ಎಣಿಕೆಯನ್ನು ಅತ್ತಿಗೆ ಕಾಯುತ್ತಿದ್ದಾಳೆ ಎಂದು ತಿಳಿಯಲು ನನಗೆ ಕೆಲವು ದಿನ ಬೇಕಾಯಿತು. ನಾನು ಹಲ್ಲುಜ್ಜುತ್ತಿರುವಾಗಲೇ ಬಂದು ಕೇಳುತ್ತಿದ್ದಳು, “ಇವತ್ತೆಷ್ಟು?” ಕಡಿಮೆ ಎಂದರೆ ತಿಂಡಿ ತಿನ್ನುತ್ತಿದ್ದಳು. ಹೆಚ್ಚು ಎಂದರೆ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಆಗ ಅವಳಿಗೆ ಐದನೇ ತಿಂಗಳು. ಒಂದು ದಿನ ಬಟ್ಟೆ ಮಡಿಸುತ್ತಾ, “ಅದೇನಾದ್ರೂ ಒಣಗೋದ್ರೆ ನಂಗೆ ಏಳ್ಬ್ಯಾಡ ಕಣೆ. ಅಂಗೇ ಎಲ್ಲಾದ್ರೂ ಬಿಸಾಕ್ಬುಡು,” ಎಂದಳು. ಮರುದಿನದಿಂದ ನಾನು ಎಣಿಸುವುದನ್ನು ನಿಲ್ಲಿಸಿದೆ. ಆದರೆ ಅವಳು ತಾನೇ ಎಣಿಸತೊಡಗಿದಳು.

ಬುಡ ಕೊಳೆತರೆ ಉಳಿಸಲು ಒಂದೇ ದಾರಿ ಎಂದು ಓದಿ ತಿಳಿದುಕೊಂಡೆ. ಮೇಲೆ ಗಟ್ಟಿಯಾಗಿರುವ ತುಂಡುಗಳನ್ನು ಬಿಡಿಸಿ, ನೆರಳಲ್ಲಿ ಆರಿಸಿ, ಬೇರೆ ಮಣ್ಣಿನಲ್ಲಿ ನೆಡಬೇಕು. ಅವ್ವನಿಗೆ ಹೇಳಿದೆ.

“ಬಸುರಿ ಇರೋ ಮನೇಲಿ ಗಿಡ ಕುಯ್ದೀಯಾ?”

“ಕುಯ್ಯಾದಲ್ಲ ಕಣವ್ವ. ಕೈಯಲ್ಲಿ ತಿರುವಿದ್ರೆ ತಾನಾಗೇ ಬತ್ತದೆ.”

“ಕತ್ತೀಲಿ ಕುಯ್ದ್ರೇನು, ಕೈಲಿ ಮುರುದ್ರೇನು? ನೋವಾಗಾದು ಅದ್ಕೇ ತಾನೆ?”

ನನಗೆ ಸಿಟ್ಟು ಬಂದಿತ್ತು. ಆದರೆ ಅವ್ವನ ಮುಖ ನೋಡಿದ ಮೇಲೆ ಅದು ಇಳಿಯಿತು. ಅತ್ತಿಗೆಗಿದ್ದ ಹೆದರಿಕೆಯೇ ಅವಳಿಗೂ ಇತ್ತು. ಒಬ್ಬಳಿಗೆ ಗಿಡ ಸಾಯಬಾರದು, ಇನ್ನೊಬ್ಬಳಿಗೆ ಗಿಡಕ್ಕೆ ಕೈ ಹಾಕಬಾರದು.

ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಅವ್ವನೇ ಬಾಯಿ ಬಿಟ್ಟಳು. “ಅಗರಕ್ಕೆ ತಕಂಡೋಗು. ಅಕ್ಕನ ಮನೇಲಿ ಯಾರೂ ಬಸುರಿ ಇಲ್ಲ. ಅವಳೇ ಮುರೀಲಿ. ನೀನು ಮಾತ್ರ ಕೈ ಇಕ್ಬ್ಯಾಡ, ನೀನೂ ಈ ಮನೆಯೋಳೇ.”

ಅತ್ತಿಗೆ ರಾಮಾಪುರಕ್ಕೆ ಫೋನ್ ಮಾಡಿ ಡಬ್ಬಕ್ಕೆ ಏನು ಹಾಕಿದ್ದಿರಿ ಎಂದು ತನ್ನ ತಾಯಿಯನ್ನು ಕೇಳಿದಳು. “ಏನ್ ಆಕ್ತಾರೆ ಅದ್ಕೆ? ಒಲೆ ಇದ್ಲು, ಒಡ್ದೋದ ಎಂಚು, ವಸಿ ತರಗು. ನೀರು ನೆಪ್ಪಾದಾಗ,” ಎಂದು ಅವರು ನಕ್ಕರು. ಹನೂರಿನಲ್ಲಿ ಕೆಲಸ ಮಾಡುವ ಅಣ್ಣ ಸಂಜೆ ಬರುವಾಗ ಅಲ್ಲಿಂದಲೇ ಮೂರು ಚಿಕ್ಕ ಮಣ್ಣಿನ ಕುಂಡ ತಂದ. ಇಷ್ಟು ಚಿಕ್ಕದು ಸಾಕಾ ಎಂದು ಎರಡು ಸಲ ಕೇಳಿದ. ಸಾಕು, ಈ ಗಿಡದ ಬೇರು ಇಕ್ಕಟ್ಟಿನಲ್ಲೇ ಚೆನ್ನಾಗಿರುತ್ತದೆ ಎಂದೆ.

ಅಗರಕ್ಕೆ ಹೋಗಲು ಯಳಂದೂರಿನ ಬಸ್ಸಿನಲ್ಲಿ, ಗಿಡವನ್ನು ಮಣ್ಣಿನ ಸಮೇತ ಬಕೆಟ್ಟಿನಲ್ಲೂ ಹೊಸ ಕುಂಡಗಳನ್ನು ಚೀಲದಲ್ಲೂ ಇಟ್ಟುಕೊಂಡು ಕೂತೆ. ಕಂಡಕ್ಟರ್ ನನಗೆ ಉಚಿತ ಟಿಕೆಟ್ ಹರಿದು ಕೊಟ್ಟು, ಬಕೆಟ್ಟಿನೊಳಗೆ ಇಣುಕಿದ.

“ಇದು ಎಣ್ಣೋ ಗಂಡೋ?”

“ಯಾಕೆ ಸಾ?”

“ಎಣ್ಣಾದ್ರೆ ಫ್ರೀ. ಗಂಡಾದ್ರೆ ಲಗೇಜು.”

ಹಿಂದಿನ ಸೀಟಿನ ಅಜ್ಜಿ, “ಜಡೆ ಬುಟ್ಕಂಡದೆ, ಕಾಣಕಿಲ್ವಾ? ಎಣ್ಣೇ ಕಣಪ್ಪ, ಮುಂದುಕ್ಕೋಗು,” ಎಂದಳು. ಬಸ್ಸೆಲ್ಲ ನಕ್ಕಿತು. ಎಷ್ಟೋ ದಿನಗಳ ಮೇಲೆ ನಾನೂ ನಕ್ಕೆ.

ದೊಡ್ಡವ್ವ ವಿಷಯ ಕೇಳಿದವಳೇ ಮೊದಲು ಮುನಿಸಿಕೊಂಡಳು. “ನಮ್ಮ ಕೆರೆ ಮಣ್ಣಲ್ಲಿ ಕೊಳ್ತೋಯ್ತಾ? ಭತ್ತ ಆಳುದ್ದ ಬತ್ತದೆ ಕಣೆ ಅದ್ರಲ್ಲಿ!” ಆಮೇಲೆ ಅವ್ವನ ಷರತ್ತು ಕೇಳಿ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. “ನಮ್ಮನೇಲಿ ಎಮ್ಮೆ ಗಬ್ಬ ಆಗ್ಯದೆ. ಅದನ್ನೂ ಲೆಕ್ಕಕ್ಕೆ ತಕಂಡವ್ಳಾ ನಿಮ್ಮವ್ವ? ಫೋನ್ ಮಾಡಿ ಕೇಳು.”

ನಾನು ಕೇಳಲಿಲ್ಲ. ಎಮ್ಮೆಗೆ ಕಾಣದ ಹಾಗೆ ಹಿತ್ತಲಿಗೆ ಹೋದೆವು.

ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ಹೇಳುತ್ತಾ ಹೋದೆ. ಬಕೆಟ್ಟು ಬೋರಲು ಹಾಕಿದಾಗ ಕೆಟ್ಟ ವಾಸನೆ ಬಂತು. ಬೇರೆಲ್ಲ ಕರಗಿ ಹೋಗಿತ್ತು. ದೊಡ್ಡವ್ವ ಮೂಸಿ ನೋಡಿ, ತನ್ನ ಮಣ್ಣಿನ ಮಾತು ಬಿಟ್ಟಳು. “ಇದ್ಕೆ ಒಳ್ಳೆ ಊಟ ಆಗಿಬರಕಿಲ್ಲ. ಸರಿ, ಎಲ್ಲಿ ಇಡೀಲಿ?”

“ತುದಿಯಿಂದ ಮೂರು ತುಂಡು ಬಿಟ್ಟು, ಸಂದಿನಲ್ಲಿ ಹಿಡ್ಕ. ಮೆಲ್ಲಗೆ ತಿರುಗ್ಸು.”

“ಬಾಟ್ಲಿ ಮುಚ್ಚಳ ಬಿಚ್ಚಿದಂಗಾ?”

“ಹೂಂ, ಅಂಗೇ.”

ಕಳೆ ಕಿತ್ತು ಒರಟಾದ ಆ ಬೆರಳುಗಳಲ್ಲಿ ತುಂಡು ಜಜ್ಜಿಹೋಗುತ್ತದೆ ಎಂದುಕೊಂಡಿದ್ದೆ. ಅದು ಟಕ್ಕೆಂದು ಬಿಡಿಸಿಕೊಂಡಿತು. ಸಂದು ಒಳಗೆ ಹಸಿರಾಗಿತ್ತು, ಒಂದಿಷ್ಟೂ ಕಂದಿರಲಿಲ್ಲ. ಇಡೀ ಗಿಡದಲ್ಲಿ ಹಾಗೆ ಸಿಕ್ಕಿದ್ದು ಮೂರು ಮೂರು ತುಂಡಿನ ಹದಿನಾಲ್ಕು ಕಡ್ಡಿ. ಅವನ್ನು ಮೊರದಲ್ಲಿ ಹರಡಿ, ಬಿಸಿಲು ಬೀಳದ ಕಡೆ ಇಟ್ಟೆವು. ಮುರಿದ ಬಾಯಿ ಮೂರು ದಿನ ಆರಿ ಒಣಗಬೇಕು, ಇಲ್ಲದಿದ್ದರೆ ಮತ್ತೆ ಕೊಳೆಯುತ್ತದೆ. ಅಷ್ಟರೊಳಗೆ ದೊಡ್ಡವ್ವ ಹೆಂಚು ಕುಟ್ಟಿ, ಮರಳು, ಇದ್ದಿಲು, ಮಾವಿನ ಬುಡದ ಪುಡಿ ತರಗು ಕಲಸಿಡುತ್ತೇನೆಂದಳು. “ಗಿಡ ನೆಡ್ತೀಯೋ, ಗೋಡೆ ಕಟ್ತೀಯೋ?” ಎಂದು ಗೇಲಿ ಮಾಡುವುದನ್ನು ಮರೆಯಲಿಲ್ಲ. ಒಂದು ತುಂಡಿನ ಅರ್ಧದಷ್ಟು ಮಾತ್ರ ಮಣ್ಣೊಳಗೆ ಹೋಗಬೇಕು, ನೀರು ಚಿಮುಕಿಸಿದರೆ ಸಾಕು ಎಂದು ನಾನು ಮೂರು ಸಲ ಹೇಳಿ ಬಂದೆ.

ಆಮೇಲಿನ ವಾರಗಳಲ್ಲಿ ಅತ್ತಿಗೆಯ ಬೆಳಗಿನ ಪ್ರಶ್ನೆಯೇ ಇಲ್ಲವಾಯಿತು. ಉದುರಲು ಮನೆಯಲ್ಲಿ ಗಿಡವೇ ಇರಲಿಲ್ಲ. ಅವಳು ತಿಂಡಿ ತಿನ್ನುತ್ತಿದ್ದಳು. ಆದರೆ ನಾನು ದೊಡ್ಡವ್ವನಿಗೆ ಫೋನ್ ಮಾಡಿದಾಗಲೆಲ್ಲ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದಳು.

“ಬೇರು ಬಂದದಾ ದೊಡ್ಡವ್ವ?”

“ನೋಡಿಲ್ಲ ಕಣೆ. ಕಿತ್ತು ಕಿತ್ತು ನೋಡ್ತಾ ಇದ್ರೆ ಬಂದದಾ?”

ಅಕ್ಟೋಬರ್ ಮೊದಲ ವಾರ ಅತ್ತಿಗೆಯ ಸೀಮಂತ. ಹೆರಿಗೆಗೆ ತವರಿಗೆ ಕರೆದೊಯ್ಯಲು ರಾಮಾಪುರದವರು ಬಂದಿದ್ದರು. ಅದೇ ಬೆಳಿಗ್ಗೆ ದೊಡ್ಡವ್ವ ಬಸ್ಸಿಳಿದು, ಆ ಮೂರು ಕುಂಡಗಳಲ್ಲಿ ಒಂದನ್ನು ಸೆರಗಿನಡಿ ಮುಚ್ಚಿಕೊಂಡು ತಂದಳು. ಅದರಲ್ಲಿ ಐದು ಕಡ್ಡಿಗಳಿದ್ದವು. ಎರಡರ ತುದಿಯಲ್ಲಿ ಗೋಧಿಕಾಳಿನಷ್ಟು ಕೆಂಪು ಚಿಗುರು.

ಅತ್ತಿಗೆ ಅದನ್ನೇ ನೋಡುತ್ತಾ ಕುಳಿತಳು, ಮುಟ್ಟಲಿಲ್ಲ. “ಚಿಗುರು ಬೇರಿಲ್ದೆನೂ ಬತ್ತದೆ ಅಲ್ವಾ?” ಎಂದು ನನ್ನನ್ನು ಕೇಳಿದಳು. ಬರುತ್ತದೆ, ನಿಜ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಒಂಚೂರು ಎಳ್ದು ನೋಡು ಮತ್ತೆ,” ಎಂದೆ.

ಅವಳು ಅವ್ವನ ಕಡೆ ನೋಡಿದಳು. ಅವ್ವ ದೊಡ್ಡವ್ವನ ಕಡೆ ನೋಡಿದಳು. ಕೊನೆಗೆ, “ಎಳಿಯವ್ವ. ಎಳ್ಯಾದು ಕುಯ್ದಂಗಲ್ಲ,” ಎಂದಳು.

ಅತ್ತಿಗೆ ಹಸಿರು ಬಳೆ ತುಂಬಿದ ಕೈ ಚಾಚಿ ಒಂದು ಕಡ್ಡಿಯನ್ನು ಮೆಲ್ಲಗೆ ಎಳೆದಳು. ಅದು ಬರಲಿಲ್ಲ. ಇನ್ನೊಂದನ್ನು ಎಳೆದಳು. ಐದನ್ನೂ ಎಳೆದು ನೋಡಿದಳು. “ಯಾವುದೂ ಬರಾಕಿಲ್ಲ ಅಂತದೆ,” ಎಂದು ನಕ್ಕಳು. ಅವ್ವ ಅಡುಗೆಮನೆಗೆ ಹೋಗಿ ಏನೋ ಹುಡುಕುವವಳಂತೆ ಸ್ವಲ್ಪ ಹೊತ್ತು ಅಲ್ಲೇ ಇದ್ದಳು. ಕುಂಡ ಅತ್ತಿಗೆಯ ತೊಡೆಯ ಮೇಲೆಯೇ ರಾಮಾಪುರಕ್ಕೆ ಹೋಯಿತು.

ಡಿಸೆಂಬರ್ ಕೊನೆಯಲ್ಲಿ ಹೆರಿಗೆಯಾಯಿತು. ಗಂಡು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಮರುದಿನವೇ ಅಪ್ಪ ನುಗ್ಗೆಯ ಕೊಂಬೆ ಕಡಿದು, ಮೂರು ಸಲ ಮೆಟ್ಟಿಲು ಹತ್ತಿ ಇಳಿದ.

ಕಳೆದ ಭಾನುವಾರ ಅತ್ತಿಗೆ ಫೋನ್ ಮಾಡಿದ್ದಳು. ಹಿಂದೆ ಮಗು ಅಳುತ್ತಿತ್ತು. ಜಡೆಗಿಡ ಮೊಗ್ಗು ಬಿಟ್ಟಿದೆ ಎಂದಳು.

“ಬರ್ಕೊ. ಒಟ್ಟು ಆರು ಬಂದಿದ್ವು. ಎರಡು ನೆನ್ನೆ ಉದುರೋದ್ವು.”

ಆರು ಎಂದು ಬರೆದ ನಾನು ಎರಡನ್ನು ಬರೆಯದೆ ಪೆನ್ನು ಕೆಳಗಿಟ್ಟೆ.

“ಉದುರ್ಲಿ ಬುಡೆ, ನಾಕವೆ. ಇರು, ಇವ್ನು ಅಳ್ತಾವ್ನೆ,” ಎಂದು ಫೋನ್ ಇಟ್ಟಳು.