ಹದಿನಾಲ್ಕು ಕೆಂಪು ಸಾಲುಗಳು

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಕೊಚ್ಚಿಯಲ್ಲಿ, ವೈಟ್ಟಿಲದ ಹತ್ತಿರ ಮಗಳ ಮನೆಯಲ್ಲಿದ್ದೆ. ಈಗಲೂ ಅಲ್ಲೇ.

ಮಗಳದ್ದು ಕಂಪ್ಯೂಟರ್ ಕೆಲಸ. ಕಾಸರಗೋಡು ಕಡೆಯ ಆಸ್ಪತ್ರೆಗಳಿಗೆ ಚೀಟಿ ಕೊಡುವ ಪ್ರೋಗ್ರಾಂ ಬರೆದಿದ್ದಳು. ಯಾವ ರೋಗಿ ಯಾವ ಕೋಣೆಗೆ ಹೋಗಬೇಕೆಂದು ಅದು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಹೇಳಬೇಕು. ಮರುದಿನ ತಿರುವನಂತಪುರದ ಕಚೇರಿಯಲ್ಲಿ ತೋರಿಸಬೇಕಿತ್ತು. ಅಲ್ಲಿಯ ಕಂಪ್ಯೂಟರುಗಳೆಲ್ಲ ವಿಂಡೋಸ್. ಚೀಟಿ ಸರಿ ಬರುತ್ತದೋ ಎಂದು ಕಂಪ್ಯೂಟರೇ ನೋಡುವ ಟೆಸ್ಟುಗಳಲ್ಲಿ ಒಂದು ತಪ್ಪಿದರೂ ಇಂಗ್ಲಿಷ್ ಮಾತ್ರ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಇಂಗ್ಲಿಷ್ ಚೀಟಿ ಹಿಡಿದುಕೊಂಡು ಒಂದು ಬೆಳಿಗ್ಗೆ ಪೂರ್ತಿ ಕಣ್ಣಿನ ಡಾಕ್ಟರ ಬಾಗಿಲಲ್ಲಿ ಕೂತವಳು ನಾನು. ನೋವಿದ್ದದ್ದು ಮೊಣಕಾಲಿಗೆ.

ಮಧ್ಯಾಹ್ನ ನೋಡಿದರೆ ಬಡಿಸಿದ ತಟ್ಟೆ ಹಾಗೇ ಇದೆ. ಪರದೆ ತುಂಬ ಕೆಂಪು ಸಾಲು.

“ಎಂತ ಆಯ್ತು?”

“ನನ್ನ ಹಳೇ ಲ್ಯಾಪ್‌ಟಾಪಲ್ಲಿ ಎಲ್ಲ ಪಾಸಮ್ಮ. ಈ ವಿಂಡೋಸಲ್ಲಿ ಹದಿನಾಲ್ಕು ಫೇಲ್.”

“ಚೀಟಿ ತೋರ್ಸು ನೋಡುವ.”

ತೋರಿಸಿದಳು. ಕನ್ನಡ ನೆಟ್ಟಗೆ ಬಂತು.

“ಸರಿ ಉಂಟಲ್ಲ ಮಾರಾಯ್ತಿ.”

“ಅದೇ ತಲೆನೋವು. ನಾನು ನೋಡುವಾಗ ಸರಿ, ಟೆಸ್ಟ್ ನೋಡುವಾಗ ಹಾಳು.”

“ಟೆಸ್ಟಿಗೆ ಬೇರೆ ಕಣ್ಣುಂಟಾ?”

“ಅದು ಪರದೆ ನೋಡುದಿಲ್ಲ. ಪ್ರೋಗ್ರಾಂ ಹೇಳಿದ್ದನ್ನು ಮಧ್ಯದಲ್ಲೇ ಹಿಡಿದು ಬರ್ಕೊಳ್ತದೆ.”

ಹಸಿರು ಯಾವುದು, ಕೆಂಪು ಯಾವುದು ಎಂದು ಕೇಳಿದೆ. ಇಂಗ್ಲಿಷಿನವೆಲ್ಲ ಹಸಿರು. ಕನ್ನಡ, ಮಲಯಾಳದವೆಲ್ಲ ಕೆಂಪು. ಅವಳೋ ಬೆಳಿಗ್ಗೆಯಿಂದ ಚೀಟಿ ಬರೆಯುವ ಭಾಗವನ್ನೇ ಕೆದಕುತ್ತಿದ್ದಳು.

ನಾನು ಕಾಸರಗೋಡಿನ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ ಗುಡಿಸಿದವಳು. ಸಾಕ್ಷಿಗಳು ಕನ್ನಡದಲ್ಲಿ ಸರಿಯಾಗಿಯೇ ಹೇಳುತ್ತಿದ್ದರು. ಟೈಪಿಸ್ಟನ ಮೆಷಿನ್ನಿನಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ. ಊರಿನ ಮಾತು ಬಂದರೆ ಅವನ ಬೆರಳು ನಿಲ್ಲುತ್ತಿತ್ತು. ಬೈಗುಳ ಮಾತ್ರ ಸಾಕ್ಷಿಗೆ.

“ಹೇಳಿದವನನ್ನು ಬಿಡು,” ಎಂದೆ. “ಬರ್ಕೊಳ್ಳುವವನ ಮೆಷಿನ್ ನೋಡು. ಅದರಲ್ಲಿ ನಮ್ಮ ಅಕ್ಷರ ಉಂಟಾ?”

ಮಗಳು ಚೀಟಿಯ ಭಾಗ ಬಿಟ್ಟು ಟೆಸ್ಟಿನ ಭಾಗ ತೆರೆದಳು. ಹುಡುಕಿದರೆ ಅದೇ. ಪರದೆಗಾದರೆ ವಿಂಡೋಸ್ ಎಲ್ಲ ಲಿಪಿಯನ್ನೂ ಬಿಡುತ್ತದೆ. ಮಧ್ಯದಲ್ಲಿ ಯಾರಾದರೂ ಹಿಡಿದರೆ ಹಳೆಯ ಇಂಗ್ಲಿಷ್ ಅಕ್ಷರಪಟ್ಟಿಗೆ ಇಳಿಯುತ್ತದೆ. ಎಲ್ಲ ಲಿಪಿ ಇರುವ ಪಟ್ಟಿಯನ್ನೇ ಬಳಸು ಎಂದು ಒಂದು ಸಾಲು ಸೇರಿಸಿದಳು. ಹದಿಮೂರು ಹಸಿರಾದವು. ಎರಡು ಸಾಲಿನ ಚೀಟಿ ಒಂದೇ ಇತ್ತು, ಅದು ಕೆಂಪಾಗಿಯೇ ಉಳಿಯಿತು. ಸಾಲಿನ ಕೊನೆಗೆ ವಿಂಡೋಸ್ ಕಣ್ಣಿಗೆ ಕಾಣದ ಗುರುತೊಂದನ್ನು ಹೆಚ್ಚಿಗೆ ಹಾಕುತ್ತದಂತೆ. ಅದನ್ನು ಅವಳೇ ಹುಡುಕಿ ಸರಿಮಾಡಿದಳು, ನನ್ನನ್ನು ಕೇಳಲಿಲ್ಲ.

“ನಿಂಗೆ ಇದೆಲ್ಲ ಹೇಗಮ್ಮ ಗೊತ್ತು?”

“ಗುಡಿಸುವವಳಿಗೆ ಕಿವಿ ಇಲ್ವಾ? ಊಟ ಮಾಡು, ಸಾರು ತಣಿದು ಹೋಯ್ತು.”

ಮರುದಿನ ಬೆಳಿಗ್ಗೆ ಐದರ ಬಸ್ಸಿಗೆ ನಾನೂ ಹತ್ತಿದೆ. ತಿರುವನಂತಪುರದಲ್ಲಿ ಅವರ ಕಂಪ್ಯೂಟರಿನಲ್ಲೇ ಟೆಸ್ಟ್ ಓಡಿಸಿದರು. ಕೆಂಪು ಒಂದೂ ಇಲ್ಲ. ಆದರೆ ಕನ್ನಡ ಚೀಟಿಯಲ್ಲಿ ಏನಿದೆ ಎಂದು ಓದಬಲ್ಲವರು ಆ ಕಚೇರಿಯಲ್ಲಿ ಯಾರೂ ಇರಲಿಲ್ಲ. ನಾನು ಎದ್ದು, ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ: ಮೊಣಕಾಲು, ಕೋಣೆ ನಾಲ್ಕು.